ಹಳೇ 42ರ ಬ್ಯಾಂಡ್ ಹೊಸ 42ಕ್ಕೆ ಯಾಕೆ ಕೂರ್ತಿಲ್ಲ?

ನೀಲಿಚಿಟ್ಟೆ: ನನ್ನ ಹಳೇ ಆಪಲ್ ವಾಚ್ ಸೀರೀಸ್ 3, 42 ಎಂಎಂ. ಹೊಸದು ಸೀರೀಸ್ 10, ಅದೂ 42 ಎಂಎಂ. ಹಳೇ ಬ್ಯಾಂಡುಗಳನ್ನ ಇದಕ್ಕೆ ಹಾಕೋಕೆ ಹೋದ್ರೆ ಎರಡೂ ಕಡೆ ಆಚೆ ಚಾಚ್ಕೊಳ್ತಿವೆ. ನಂಬರ್ ಒಂದೇ ಇದ್ದೂ ಹೀಗ್ಯಾಕೆ?

ಅಳತೆಗೋಲು: ನಂಬರ್ ಒಂದೇ, ಗುಂಪು ಬೇರೆ. 38, 40, 41 ಮತ್ತು 2024ರಲ್ಲಿ ಸೀರೀಸ್ 10ರ ಜೊತೆ ಬಂದ ಹೊಸ 42, ಇವು ಚಿಕ್ಕ ಗುಂಪು. ಸೀರೀಸ್ 3ರವರೆಗಿನ ಹಳೇ 42, ಆಮೇಲಿನ 44, 45, 46, ಅಲ್ಟ್ರಾದ 49, ಇವು ದೊಡ್ಡ ಗುಂಪು. ಗುಂಪಿನ ಒಳಗೆ ಯಾವುದನ್ನ ಯಾವುದಕ್ಕಾದ್ರೂ ಹಾಕಿ. ದಾಟಿಸಿದ್ರೆ ಸರಿಯಾಗಿ ಕೂರಲ್ಲ. ಆ ಎಂಎಂ ಕೇಸಿನ ಎತ್ತರದ್ದು, ಬ್ಯಾಂಡ್ ಜಾರಿಸೋ ಸ್ಲಾಟಿನ ಅಗಲದ್ದಲ್ಲ. ಆಂಡ್ರಾಯ್ಡ್ ಕಡೆ ಪಿನ್ನಿನ (ಬ್ಯಾಂಡನ್ನ ಕೇಸಿಗೆ ಹಿಡಿದಿಡೋ ಕಡ್ಡಿ) ಅಗಲ ಹೇಳ್ತಾರೆ, ಆದ್ರೆ ಅಲ್ಲೂ ಪೂರ್ತಿ ನೆಮ್ಮದಿ ಇಲ್ಲ.

ಓಟಗಾರ_ಬಸ್ಯ: "ದಾಟಿಸಿದ್ರೆ ಕೂರಲ್ಲ" ಅಂತೆ! ನಾನು 41ರ ಬ್ಯಾಂಡನ್ನೇ 45ಕ್ಕೆ ಹಾಕ್ಕೊಂಡು ಓಡ್ತೀನಿ ಗುರು. ಟಕ್ ಅಂತ ಲಾಕ್ ಆಗುತ್ತೆ. ಇವತ್ತಿನವರೆಗೂ ಬಿದ್ದಿಲ್ಲ.

ಅಳತೆಗೋಲು: "ಸರಿಯಾಗಿ" ಅನ್ನೋ ಪದ ನುಂಗಿಬಿಟ್ರಲ್ಲ. ಲಾಕ್ ಆಗೋ ಗುಂಡಿ ನಡುವೆ ಇರೋದ್ರಿಂದ ಸಿಕ್ಕಾಕೊಳ್ಳುತ್ತೆ. ಅಕ್ಕಪಕ್ಕ ಸಂದು ಹಾಗೇ ಉಳಿಯುತ್ತೆ.

ಸಾದಾಪಿನ್: "ಅಲ್ಲೂ ನೆಮ್ಮದಿ ಇಲ್ಲ"? ಸುಳ್ಳು. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4 ತಗೊಳ್ಳಿ. 40, 42, 44, 46, ಯಾವ ಕೇಸಾದ್ರೂ 20 ಎಂಎಂ ಪಿನ್. ಮಾಮೂಲಿ ಗಡಿಯಾರದ ಪಟ್ಟಿಯೂ ಆಗುತ್ತೆ. ಬೇಕಂತಲೇ ಗೋಜಲು ಮಾಡೋದು ಆಪಲ್ ಒಂದೇ.

ಮೂಲೆಮನೆ: 4ರಿಂದಲೇ ಯಾಕೆ ಶುರು ಮಾಡಿದ್ರಿ ಸ್ವಾಮಿ? 2018ರ ಗ್ಯಾಲಕ್ಸಿ ವಾಚ್‌ನಲ್ಲಿ 42ಕ್ಕೆ 20, 46ಕ್ಕೆ 22. ವಾಚ್ 3ರಲ್ಲಿ 41ಕ್ಕೆ 20, 45ಕ್ಕೆ 22. ಅನುಕೂಲ ಆಗೋ ವರ್ಷ ಹಿಡ್ಕೊಂಡು ವಾದ ಮಾಡ್ಬೇಡಿ.

ಸಾದಾಪಿನ್: ಹಳೇ ಕತೆ ಯಾರಿಗೆ ಬೇಕು? ಈಗಿನದ್ದು ಮಾತಾಡಿ.

ಮೂಲೆಮನೆ: ಈಗಿನದ್ದೇ ಬೇಕಾ? 2024ರ ಗ್ಯಾಲಕ್ಸಿ ವಾಚ್ ಅಲ್ಟ್ರಾದಲ್ಲಿ ನಿಮ್ಮ ಮಾಮೂಲಿ ಪಿನ್ ಎಲ್ಲಿದೆ? ಅವರದೇ ಬೇರೆ ಕೊಂಡಿ. 2025ರ ವಾಚ್ 8ಕ್ಕೂ ಅದೇ.

ಸಾದಾಪಿನ್: "ನಿಮ್ಮ ಮಾಮೂಲಿ ಪಿನ್" ಅಂದ್ರೇನು? ನಾನೇನು ಸ್ಯಾಮ್‌ಸಂಗ್ ಸಂಬಳಕ್ಕಿದ್ದೀನಾ? ಆಂಡ್ರಾಯ್ಡ್ ಅಂದ್ರೆ ಒಂದೇ ಕಂಪನಿ ಅಲ್ಲ.

ನೀಲಿಚಿಟ್ಟೆ: ನನ್ನ ಪ್ರಶ್ನೆ ಆಪಲ್‌ದು. ಅವರದೇ ಎಳೆದು ಹಾಕ್ಕೊಳ್ಳೋ ಬ್ಯಾಂಡ್ ಸೋಲೋ ಲೂಪ್ ತಗೊಂಡ್ರೆ ಈ ಗೋಳು ತಪ್ಪುತ್ತಾ?

ಮೂಲೆಮನೆ: ಒಂದೇ ಕಂಪನಿ ಅಲ್ವಾ? ಸರಿ, ಗೂಗಲ್ ಪಿಕ್ಸೆಲ್ ವಾಚ್ 3 ನೋಡಿ. 41ರ ಬ್ಯಾಂಡ್ 45ಕ್ಕೆ ಹೋಗಲ್ಲ. ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಸೈಜು. ಆಪಲ್ ಆದ್ರೂ 2015ರ ಬ್ಯಾಂಡನ್ನ ಈಗಲೂ ನಡೆಸ್ತಿದೆ.

ಸಾದಾಪಿನ್: "ನಡೆಸ್ತಿದೆ" ಅಂತ ಹೊಗಳೋ ಹೊತ್ತಿಗೆ ಮೇಲಿನವರ ಬ್ಯಾಂಡ್ ಆಚೆ ಚಾಚ್ಕೊಂಡು ಕೂತಿದೆ. ಮೊದಲು ಅದನ್ನ ಓದಿ.

ಓಟಗಾರ_ಬಸ್ಯ: ಗಾರ್ಮಿನ್ ತಗೊಳ್ಳಿ, ಜಗಳ ಮುಗೀತು.

ಮೂಲೆಮನೆ: ಹಾಂ, ಅವರ ಫೀನಿಕ್ಸ್ 7ಎಸ್‌ಗೆ 20 ಎಂಎಂ ಪಟ್ಟಿ, 7ಕ್ಕೆ 22, 7ಎಕ್ಸ್‌ಗೆ 26. ಭಾರೀ ಮುಗೀತು.

ಓಟಗಾರ_ಬಸ್ಯ: ಅವರು ಅಗಲ ಬಾಯ್ಬಿಟ್ಟು ಹೇಳ್ತಾರಲ್ಲ! 22 ಅಂದ್ರೆ 22. ನನ್ನ ಮಾತು ಅಷ್ಟೇ. ಸಂದು ಬಗ್ಗೆ ಇನ್ನೂ ಉತ್ತರ ಬಂದಿಲ್ಲ. ಸಂದು ಇದ್ರೆ ಏನು ಕಳ್ಕೊಂಡಂಗಾಯ್ತು?

ಅಳತೆಗೋಲು: ಬ್ಯಾಂಡ್ ಅಕ್ಕಪಕ್ಕ ಜಾರೋಕೆ ಜಾಗ ಸಿಗುತ್ತೆ. ನಿಮ್ಮದು ಇನ್ನೂ ಬಿದ್ದಿಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಹಾಕ್ಕೊಳ್ಳಿ ಅನ್ನೋಕಾಗಲ್ಲ. ನೀಲಿಚಿಟ್ಟೆ ಅವರದು ಉಲ್ಟಾ ಸಮಸ್ಯೆ, ದೊಡ್ಡ ಬ್ಯಾಂಡ್, ಚಿಕ್ಕ ಕೇಸು. ನಿಮ್ಮ ಓಟದ ಅನುಭವ ಅವರಿಗೆ ಎಳ್ಳಷ್ಟೂ ಉಪಯೋಗ ಇಲ್ಲ. ಮೇಡಂ, ಸೋಲೋ ಲೂಪ್ ಸೀರೀಸ್ 4 ಮತ್ತು ಆಮೇಲಿನವಕ್ಕೆ, ನಿಮ್ಮದಕ್ಕೆ ಆಗುತ್ತೆ. ಆದ್ರೆ ಅದಕ್ಕೆ ಬಕಲ್ ಇಲ್ಲ. 1ರಿಂದ 12ರವರೆಗಿನ ಸೈಜಲ್ಲಿ ಮಣಿಕಟ್ಟು ಅಳೆದು ಆರಿಸಬೇಕು, ಗುಂಪೂ ನೋಡಬೇಕು.

ಸಾದಾಪಿನ್: 12 ಸೈಜು, ಅದರ ಮೇಲೆ ಎರಡು ಗುಂಪು. ಇದಕ್ಕೆ ಸುಲಭ ಅಂತ ಹೆಸರು.

ಮೂಲೆಮನೆ: ಸುಲಭ ಅಂತ ಇಲ್ಲಿ ಯಾರೂ ಹೇಳಿಲ್ಲ. ಮೇಲೆ ಹೋಗಿ ಹುಡುಕಿ.

ನೀಲಿಚಿಟ್ಟೆ: ಹಳೇದರಲ್ಲಿ ಒಂದು ಪೊಟ್ಟಣದ ಮೇಲೆ 42/44/45 ಅಂತ ಅಚ್ಚಾಗಿದೆ. ನನ್ನದು 42 ಅಲ್ವಾ ಮತ್ತೆ?

ಅಳತೆಗೋಲು: ಜೊತೆಗೆ 44 ಅಂತ ಬರೆದಿದ್ರೆ ಅದು ಹಳೇ 42, ದೊಡ್ಡ ಗುಂಪು. ನಿಮಗೆ ಬೇಕಾದ್ದು 38, 40, 41ರ ಸಾಲಲ್ಲಿ ಬರೋ 42.

ಸಾದಾಪಿನ್: ಪಕ್ಕದ ನಂಬರ್ ನೋಡಿ ಈ ನಂಬರ್ ಯಾವುದು ಅಂತ ಊಹಿಸ್ಬೇಕು. ನಾನು ಹೇಳ್ತಿದ್ದದ್ದೂ ಇದೇ.

ಮೂಲೆಮನೆ: ನೀವು ಹೇಳ್ತಿದ್ದದ್ದು ಆಂಡ್ರಾಯ್ಡಲ್ಲಿ ಗೋಜಲಿಲ್ಲ ಅಂತ. ಪಿಕ್ಸೆಲ್ ಬಗ್ಗೆ ಉತ್ತರ ಇನ್ನೂ ಬಾಕಿ ಇದೆ.

ಓಟಗಾರ_ಬಸ್ಯ: ನೀಲಿಚಿಟ್ಟೆ ಮೇಡಂ, ಹಳೇ ಬ್ಯಾಂಡುಗಳನ್ನ ಎಸೀಬೇಡಿ, ನನ್ನ 45ಕ್ಕೆ ಆಗುತ್ತೆ. ಈ ಸಲ ಸಂದೂ ಇರಲ್ಲ.