ಕೋಟೆ ಊರಿಗೆ ಬೆಟ್ಟದ ಹೆಸರು ಯಾಕೆ?

ಗಿರಿನಗರದ ತಾತ:
ಮಗಳು ಜರ್ಮನಿಯ ನ್ಯೂರ್ನ್‌ಬೆರ್ಗ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ನಾವಿಬ್ಬರೂ ಒಂದು ತಿಂಗಳು ಇದ್ದು ಬಂದೆವು. ಅವಳ ಅಡುಗೆಮನೆ ಕಿಟಕಿಯಿಂದಲೇ ಕೋಟೆಯ ದುಂಡು ಗೋಪುರ ಕಾಣುತ್ತದೆ. ಹತ್ತುವಾಗ ನನ್ನ ಮಂಡಿ ಪಟ್ಟ ಪಾಡು ಬೇಡ ಬಿಡಿ. ಮೇಲೆ ಬಂಡೆ ಕೊರೆದು ತೋಡಿದ ಬಾವಿ ಇದೆ, ಸುಮಾರು 50 ಮೀಟರ್ ಆಳ. ನೀರು ಸುರಿದು ತೋರಿಸುತ್ತಾರೆ. ಸದ್ದು ಬರುವಷ್ಟರಲ್ಲಿ ನನ್ನ ಹೆಂಡತಿ "ಬಿತ್ತಾ?" ಅಂತ ಕೇಳಿಯಾಗಿತ್ತು.

ನನ್ನ ಅನುಮಾನ ಇಷ್ಟೇ. ಅವರ ಭಾಷೆಯಲ್ಲಿ ಬುರ್ಗ್ ಅಂದರೆ ಕೋಟೆ, ಬೆರ್ಗ್ ಅಂದರೆ ಬೆಟ್ಟ. ಇಂಥ ಕೋಟೆ ಇಟ್ಟುಕೊಂಡು ಬೆಟ್ಟದ ಹೆಸರು ಯಾಕೆ? ರೋಮ್‌ನ ನೀರೋನಿಂದ ಬಂದ ಹೆಸರು ಅಂತ ಒಬ್ಬರು ಹೇಳಿದರು. ನಂಬಬಹುದಾ?

ಕಲ್ಲಿನ ಹುಚ್ಚ:
ನಂಬಬೇಡಿ ಸಾರ್. ಬಲ್ಲಾಳ ರಾಜನಿಗೆ ಅಜ್ಜಿ ಬೆಂದಕಾಳು ಕೊಟ್ಟ ಕಥೆಗೆ ಅದು ಅಣ್ಣ ಆಗಬೇಕು. ರೋಮನ್ನರ ಗಡಿ ಆ ಊರಿಗಿಂತ ದಕ್ಷಿಣಕ್ಕೇ ನಿಂತಿತ್ತು. ಹೆಸರಿನ ಮೊದಲರ್ಧಕ್ಕೆ ಹಳೇ ಜರ್ಮನ್‌ನಲ್ಲಿ ಬಂಡೆ ಅನ್ನೋ ಅರ್ಥ ಹೇಳುತ್ತಾರೆ. ಬಂಡೆಬೆಟ್ಟ, ಅಷ್ಟೇ. ನೀವು ಹತ್ತಿದ್ದೇ ಆ ಬಂಡೆ! ನಾವೂ ಒಂದೇ ಗುಡ್ಡವನ್ನು ನಂದಿಬೆಟ್ಟ, ನಂದಿದುರ್ಗ ಎರಡೂ ಅನ್ನುತ್ತೇವೆ ಅಲ್ವಾ? ಅಲ್ಲಿ ಬೆಟ್ಟ ಗೆದ್ದಿತು.

ನನಗೆ ಜಾಸ್ತಿ ಇಷ್ಟವಾಗೋದು ಆ ಹೆಸರು ಮೊದಲು ಸಿಗುವ ಪತ್ರ. 1050ರ ಜುಲೈ 16. ಚಕ್ರವರ್ತಿ 3ನೇ ಹೈನ್‌ರಿಖ್ ಸಿಗೆನಾ ಅನ್ನೋ ಜೀತದ ಹೆಂಗಸನ್ನು ಬಿಡುಗಡೆ ಮಾಡಿದ. ಅವಳ ಕೈಯಲ್ಲಿದ್ದ ನಾಣ್ಯವನ್ನು ತಟ್ಟಿ ಬೀಳಿಸಿದರೆ ಬಿಡುಗಡೆ ಆದಂತೆ, ಆಗಿನ ಪದ್ಧತಿ ಅದು. ಪತ್ರ ಬರೆದದ್ದು ಅವಳಿಗಾಗಿ. ಊರಿನ ಹೆಸರು ಬಂದದ್ದು ಎಲ್ಲಿ ಬರೆದರು ಅಂತ ಹೇಳೋದಕ್ಕೆ.

ನಮ್ಮದೂ ಹಾಗೇ. ಕೆಂಪೇಗೌಡರಿಗಿಂತ ಆರು ಶತಮಾನ ಮುಂಚೆ, ಸುಮಾರು 890ರ ಬೇಗೂರು ಶಾಸನದಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ. ಅದೂ ಸತ್ತವನ ನೆನಪಿಗೆ ಕೆತ್ತಿದ ಕಲ್ಲು. ಊರು ಕಟ್ಟಿದವನ ಸುದ್ದಿಯೇ ಇಲ್ಲ.

ಪೇಟೆ ಹುಡುಗಿ:
ಇನ್ನೊಂದು ಹೋಲಿಕೆ. 1219ರಲ್ಲಿ 2ನೇ ಫ್ರೀಡ್‌ರಿಖ್ ಆ ಊರಿಗೆ ಹಕ್ಕುಪತ್ರ ಕೊಟ್ಟಾಗ ಅದರಲ್ಲಿ ಕಾರಣವನ್ನೂ ಬರೆಸಿದ: ದ್ರಾಕ್ಷಿ ತೋಟ ಇಲ್ಲ, ದೋಣಿ ಓಡಾಡುವ ನದಿ ಇಲ್ಲ, ನೆಲವೂ ಬರಡು. ದೊಡ್ಡ ನದಿ ಇಲ್ಲದೆ ಬೆಳೆದ ಪೇಟೆ! ನಮ್ಮ ಅವೆನ್ಯೂ ರೋಡ್‌ನವರಿಗೆ ಹೇಳಿ, ಖುಷಿಪಡುತ್ತಾರೆ. ಅಂದಹಾಗೆ ನಿಮ್ಮ ಕಿಟಕಿಯ ಗೋಪುರದ ಹೆಸರು ಸಿನ್‌ವೆಲ್. ಹಳೇ ಮಾತಿನಲ್ಲಿ ದುಂಡು ಅಂತಲೇ ಅರ್ಥ.

ಗಿರಿನಗರದ ತಾತ:
ಇಬ್ಬರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಫೋನ್ ಮಾಡಿ ಸಿಗೆನಾ ಕಥೆ ಹೇಳಿದೆ. "ಅಪ್ಪಾ, ಇಲ್ಲಿ ಆ ಹೆಸರಿನ ಹೈಸ್ಕೂಲೇ ಇದೆ. ಯಾರೋ ರಾಣಿ ಅಂದುಕೊಂಡಿದ್ದೆ" ಅಂದಳು. ಭಾನುವಾರ ಬೇಗೂರಿಗೆ ಹೊರಟಿದ್ದೇವೆ. ಅಲ್ಲಿ ಮೆಟ್ಟಿಲು ಜಾಸ್ತಿ ಇಲ್ಲ ತಾನೇ?