310 ನಿವೇಶನ, ಒಂದೇ ಕಿರುರಸ್ತೆ: ವಾಹನಗಳ ಲೆಕ್ಕ ಹಾಕಿದ ಅನುಭವ ಯಾರಿಗಿದೆ?

ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯವನು ನಾನು. ಊರ ಪಕ್ಕದ 28 ಎಕರೆ ರಾಗಿ ಹೊಲದಲ್ಲಿ 310 ನಿವೇಶನಗಳ ಬಡಾವಣೆ ಬರಲಿದೆ. ಹೆದ್ದಾರಿ ಸೇರಲು ಇರುವುದು 3.75 ಮೀಟರ್ ಅಗಲದ ಒಂದೇ ರಸ್ತೆ. ಬಡಾವಣೆಯವರ ವರದಿಯಲ್ಲಿ ಹೀಗಿದೆ: ಈಗಿನ ಸಂಚಾರ ದಿನಕ್ಕೆ 640 ಪಿಸಿಯು (ಕಾರಿನ ಲೆಕ್ಕಕ್ಕೆ ಇಳಿಸಿದ ವಾಹನ ಸಂಖ್ಯೆ), ಹೊಸದಾಗಿ ಸೇರುವುದು 465, ರಸ್ತೆಯ ಸಾಮರ್ಥ್ಯ 2000, ಆದ್ದರಿಂದ ‘ಪರಿಣಾಮ ನಗಣ್ಯ’. ಇದನ್ನು ನಾವೇ ಪರಿಶೀಲಿಸುವುದು ಹೇಗೆ?

ನಿವೃತ್ತ ಎಂಜಿನಿಯರ್, ತುಮಕೂರು
2000 ಎಂಬುದು ಸುಳ್ಳಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಐಆರ್‌ಸಿ 64 ಕೈಪಿಡಿ ಬಯಲು ಸೀಮೆಯ ಏಕಪಥ ರಸ್ತೆಗೆ ಕೊಟ್ಟ ಅಂಕಿ ಅದೇ. 5.5 ಮೀಟರಿಗೆ 6000, 7 ಮೀಟರಿನ ದ್ವಿಪಥಕ್ಕೆ 15,000. ಪಿಸಿಯು ಎಂದರೆ ಎಲ್ಲ ವಾಹನವನ್ನೂ ಕಾರಿನ ಅಳತೆಗೆ ಇಳಿಸುವುದು. ಬೈಕ್ 0.5, ಬಸ್ಸು ಲಾರಿ 3, ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ 4.5, ಎತ್ತಿನ ಗಾಡಿ 8. ಒಂದು ಗಾಡಿ ಎಂಟು ಕಾರಿಗೆ ಸಮವೇ ಎಂದು ನಗುವವರು ಅದರ ಹಿಂದೆ ಒಮ್ಮೆ ಸಿಕ್ಕಿಕೊಳ್ಳಬೇಕು.

ಆದರೆ ಆ 2000 ಎರಡೂ ಬದಿ ಗಟ್ಟಿ ಮಣ್ಣಿನ ಅಂಚು ಇದೆ ಎಂದು ನಂಬಿಕೊಂಡ ಅಂಕಿ. ಎದುರು ಬಸ್ಸು ಬಂದರೆ ಕಾರು ಇಳಿಯುವುದು ಅಲ್ಲಿಗೇ. ನಿಮ್ಮಲ್ಲಿ ಆ ಅಂಚಿನ ಮೇಲೆ ತಿಪ್ಪೆ, ಹುಲ್ಲಿನ ಮೆದೆ, ಪೈಪಿಗೆ ತೋಡಿದ ಕಾಲುವೆ ಇದ್ದರೆ ಕಾರು ಎಲ್ಲಿಗೆ ಇಳಿಯುತ್ತದೆ? ಸುಗ್ಗಿಯಲ್ಲಿ ಹುರುಳಿಯನ್ನು ಚಕ್ರಕ್ಕೆ ಸಿಗಲಿ ಎಂದು ಟಾರಿನ ಮೇಲೆಯೇ ಹರಡುತ್ತೇವಲ್ಲ, ಆ ತಿಂಗಳು ಇನ್ನೂ ಬೇರೆ. ಪ್ರತಿ ನೂರು ಮೀಟರಿಗೆ ಒಂದು ಫೋಟೊ ತೆಗೆದಿಡಿ.

ಎಣಿಕೆಯ ದಿನಾಂಕವನ್ನೂ ಗಂಟೆಯನ್ನೂ ಮೊದಲು ನೋಡಿ. ವರ್ಷಕ್ಕೆ ಎರಡು ಬಾರಿ, ಪ್ರತಿ ಸಲ 7 ದಿನ, 24 ಗಂಟೆಯೂ ಎಣಿಸಬೇಕು, ಒಂದು ಎಣಿಕೆ ಸುಗ್ಗಿಯಲ್ಲಿ ಆಗಬೇಕು ಎನ್ನುತ್ತದೆ ಅದೇ ಕಾಂಗ್ರೆಸ್ಸಿನ ವಾಹನ ಎಣಿಕೆಯ ಕೈಪಿಡಿ, ಐಆರ್‌ಸಿ 9.

ನೆಲಮಂಗಲದ ಕಡೆಯವಳು
465ನ್ನು 310ರಿಂದ ಭಾಗಿಸಿ. ನಿವೇಶನಕ್ಕೆ ಒಂದೂವರೆ! ನಮಗೂ ಇಂಥದ್ದೇ ಅಂಕಿ ತೋರಿಸಿದ್ದರು. ಹಳೆಯ ಬಡಾವಣೆಯೊಂದರ ಗೇಟಿನಲ್ಲಿ ವಾಹನ ಎಣಿಸಿ, ಖಾಲಿ ಬಿದ್ದ ನಿವೇಶನಗಳನ್ನೂ ಸೇರಿಸಿ ಭಾಗಿಸಿದ್ದರು. ಪಾರ್ಥೇನಿಯಂ ಬೆಳೆದ ನಿವೇಶನ ಕಾರು ಓಡಿಸುವುದಿಲ್ಲ.

ನಾವು ನಾಲ್ವರು ಹೆಂಗಸರು ಅದೇ ಗೇಟಿಗೆ ಹೋದೆವು. ಬೆಳಿಗ್ಗೆ ಐದೂವರೆಗೆ ಒಂದು ಸುತ್ತು ಹಾಕಿ, ಗೇಟಿಗೆ ಹಾಲಿನ ಚೀಲ ನೇತುಹಾಕಿದ, ಹೊಸಿಲ ಮುಂದೆ ನೀರು ಹಾಕಿದ ಮನೆಗಳನ್ನಷ್ಟೇ ಎಣಿಸಿದೆವು. ಆಮೇಲೆ ರಾತ್ರಿ ಹತ್ತರವರೆಗೆ ಸರದಿಯಲ್ಲಿ ಕುಳಿತು ಒಳಗೆ ಹೋದದ್ದು, ಹೊರಗೆ ಬಂದದ್ದು ಗೀಟು ಹಾಕಿದೆವು. ಜನ ವಾಸವಿರುವ ಮನೆಗೆ ದಿನಕ್ಕೆ ಸುಮಾರು 5 ಓಡಾಟ ಬಂತು, ಅರ್ಧದಷ್ಟು ಬೈಕು. ನಿಮ್ಮ 310ಕ್ಕೆ ಹಾಕಿದರೆ 1550 ಓಡಾಟ, ಸುಮಾರು 1160 ಪಿಸಿಯು. ನಮ್ಮ ಅಂಕಿಯನ್ನೇ ಎತ್ತಿಕೊಳ್ಳಬೇಡಿ, ನಿಮ್ಮ ಹತ್ತಿರದ ಗೇಟಿನಲ್ಲಿ ಕುಳಿತುಕೊಳ್ಳಿ.

ಟ್ಯಾಂಕರ್ ನೀರು ಕುಡಿಯುವವನು, ಆನೇಕಲ್
ನೀರನ್ನು ಮರೆತಿರಿ. ಕೊಳವೆಬಾವಿ ಕೈಕೊಟ್ಟ ಬೇಸಿಗೆಯಲ್ಲಿ 310 ಮನೆ, ಮನೆಗೆ ನಾಲ್ವರು, ತಲೆಗೆ 135 ಲೀಟರ್ ಎಂದರೆ 1,67,400 ಲೀಟರ್. 6000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ 28 ಸಲ ಬರಬೇಕು, 28 ಸಲ ಹೋಗಬೇಕು. 56 ಗುಣಿಸು 4.5, ಅಂದರೆ 252. ವರದಿಯ 640ಕ್ಕೆ 1160, 252 ಕೂಡಿಸಿ: 2052. ಮನೆ ಕಟ್ಟುವ ವರ್ಷಗಳ ಜಲ್ಲಿ, ಎಂ ಸ್ಯಾಂಡ್, ಇಟ್ಟಿಗೆ ಲಾರಿಗಳು ಇದರಲ್ಲಿ ಸೇರಿಲ್ಲ.

ನ್ಯೂಜೆರ್ಸಿಯಿಂದ
ಇಲ್ಲಿನ ಕೈಪಿಡಿಯಲ್ಲಿ ಬಿಡಿ ಮನೆಗೆ ದಿನಕ್ಕೆ 9ಕ್ಕಿಂತ ಹೆಚ್ಚು ಓಡಾಟ ಎಂದಿದೆ. ಅದನ್ನು ಆಕ್ಷೇಪಣೆಯಲ್ಲಿ ಬಳಸಬೇಡಿ. ಹಾಲು ತರಲೂ ಕಾರು ಹತ್ತುವ ಊರಿನ ಅಂಕಿ ಅದು, ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ತಾಲ್ಲೂಕು ವಕೀಲ
2006ರ ಪರಿಸರ ಅಧಿಸೂಚನೆಯಲ್ಲಿ ಬಡಾವಣೆಗೆ ಪರಿಸರ ಅನುಮತಿ ಬೇಕಾಗುವ ವಿಸ್ತೀರ್ಣದ ಗಡಿ 50 ಹೆಕ್ಟೇರ್. ನಿಮ್ಮದು 11ರ ಆಸುಪಾಸು, ಆ ದಾರಿ ನೆಚ್ಚಬೇಡಿ. ಯೋಜನಾ ಪ್ರಾಧಿಕಾರ ನಕ್ಷೆಗೆ ಅನುಮೋದನೆ ಕೊಡುವ ಮೊದಲೇ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎಣಿಕೆಯ ಮೂಲ ಹಾಳೆಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ‘ಬಡಾವಣೆ ಬೇಡ’ ಎಂದು ಬರೆದರೆ ಕಡತದೊಳಗೆ ಮಲಗುತ್ತದೆ. ‘ರಸ್ತೆ 5.5 ಮೀಟರ್ ಆಗುವವರೆಗೆ ನಿವೇಶನ ಬಿಡುಗಡೆ ಬೇಡ’ ಎಂದು ಬರೆದರೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

ಕೇಳಿದವನು, ಮೂರು ವಾರದ ನಂತರ
ಮೂಲ ಹಾಳೆ ಇನ್ನೂ ಸಿಕ್ಕಿಲ್ಲ, ಆದರೆ ವರದಿಯ ಅನುಬಂಧದಲ್ಲೇ ದಿನಾಂಕ ಇತ್ತು: ದಸರಾ ರಜೆಯ ಒಂದು ದಿನ, ಬೆಳಿಗ್ಗೆ 8ರಿಂದ ರಾತ್ರಿ 8. ಶಾಲಾ ಬಸ್ಸುಗಳಿಲ್ಲ. ನಮ್ಮ ಡೇರಿಗೆ ಹಾಲು ಬರುವುದು ಆರೂವರೆಗೆ, ಅದೂ ಇಲ್ಲ. ಸೋಮವಾರದಿಂದ ಏಳು ದಿನ ಅರಳಿಕಟ್ಟೆಯಲ್ಲಿ ಕೂರುತ್ತಿದ್ದೇವೆ. ಪಿಯುಸಿ ಹುಡುಗರು ರಾತ್ರಿ ಪಾಳಿ ಒಪ್ಪಿಕೊಂಡಿದ್ದಾರೆ.