‘ಟ್ರಬಲ್ ಕೋಡ್’ಗೆ ‘ದೋಷ ಸಂಕೇತ’ ಸರಿಯೇ?

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ವರ್ಕ್‌ಶಾಪಿನ ಹುಡುಗರಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸ್ಟಾರ್ಟ್ ಆಗದ ಹಳೆ ಕಾರಿಗೆ ಸ್ಕ್ಯಾನರ್ ಹಾಕಿ ತೊಂದರೆ ಹುಡುಕುವುದು ಹೇಗೆ ಎಂಬುದೇ ವಿಷಯ. ‘ಟ್ರಬಲ್ ಕೋಡ್’ (ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಸಂಖ್ಯೆ) ಬಂದ ಕಡೆ ಕೈ ನಿಂತಿದೆ. ‘ದೋಷ ಸಂಕೇತ’ ಎಂದು ಬರೆಯುವವರಿದ್ದಾರೆ. ನನಗೆ ಅದು ಅಷ್ಟು ಒಪ್ಪಿಗೆಯಾಗುತ್ತಿಲ್ಲ.

ಪಿ0335 ಎಂಬ ಕೋಡ್ ತಗೊಳ್ಳಿ. ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರಿನ (ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್) ಸರ್ಕ್ಯೂಟಿನಲ್ಲಿ ಏನೋ ಸರಿಯಿಲ್ಲ ಎಂದು ಅದರ ಅರ್ಥ. ಸೆನ್ಸರೇ ಕೆಟ್ಟಿದೆ ಎಂದಲ್ಲ. ವಯರನ್ನು ಇಲಿ ಕಡಿದಿರಬಹುದು, ಮಳೆಗಾಲದಲ್ಲಿ ಕನೆಕ್ಟರಿಗೆ ನೀರು ಹೋಗಿ ಪಿನ್ನಿಗೆ ಕಿಲುಬು ಹಿಡಿದಿರಬಹುದು. ನಮ್ಮೂರಲ್ಲಿ ಎರಡಕ್ಕೂ ಬರವಿಲ್ಲ! ಎಂಜಿನ್ ಎಷ್ಟು ತಿರುಗಿತು ಎಂಬ ಸಿಗ್ನಲ್ ಸಿಗದಿದ್ದರೆ ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಯಾವಾಗ ಬಿಡಬೇಕು ಗೊತ್ತಾಗುವುದಿಲ್ಲ. ಅದು ತನಗೆ ಕಂಡದ್ದನ್ನು ಬರೆದಿಡುತ್ತದೆ, ಅಷ್ಟೇ. ‘ದೋಷ’ ಎಂದು ಓದಿದ ಹುಡುಗ ಸೀದಾ ಹೊಸ ಸೆನ್ಸರ್ ತರಿಸುತ್ತಾನೆ. ದುಡ್ಡು ಹೋಯಿತು, ಗಾಡಿ ಅಲ್ಲೇ.

ಹಾಗಾಗಿ ‘ದೂರು ಸಂಖ್ಯೆ’ ಎಂದರೆ ಹೇಗೆ? ದೂರು ಬಂದ ಮೇಲೆ ವಿಚಾರಣೆ ಆಗಬೇಕಲ್ವಾ? ‘ಸುಳಿವು’ ಎಂಬುದನ್ನೂ ಯೋಚಿಸಿದೆ, ಅದು ಪತ್ತೇದಾರಿ ಕಾದಂಬರಿಯ ಹಾಗೆ ಕೇಳುತ್ತದೆ. ವರ್ಕ್‌ಶಾಪಿನವರು ಮಾತಾಡುವಾಗ ‘ಕೋಡ್’ ಎನ್ನುತ್ತಾರೆ, ‘ಕೋಡ್ ಎಂತ ಬಂತು?’ ಎಂದು ಕೇಳುತ್ತಾರೆ. ಅದನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಮಾತ್ರ ‘ದೂರು ಸಂಖ್ಯೆ’ ಎಂದು ಬಿಡಿಸಿ ಹೇಳಿದರೆ ಸಾಕು ಅಂತ ನನ್ನ ಲೆಕ್ಕ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ‘ಗಾಡಿ ಸ್ಟಾರ್ಟ್ ಆಗುವುದಿಲ್ಲ’ ಎಂದರೆ ಎರಡು ಬೇರೆ ಬೇರೆ ಕಾಯಿಲೆ. ಕೀ ತಿರುಗಿಸಿದಾಗ ಸೆಲ್ಫೇ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ತಿರುಗದಿರುವುದು ಒಂದು. ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿರುವುದು ಇನ್ನೊಂದು. ಮಲಯಾಳದಲ್ಲಿ ‘ಸೆಲ್ಫ್ ಎಡುಕ್ಕುನ್ನಿಲ್ಲ’ ಎಂದರೆ ಮೊದಲನೆಯದು. ತುಳುವಿನ ‘ಸ್ಟಾರ್ಟ್ ಆಪುಜಿ’, ಹವ್ಯಕರ ‘ಸ್ಟಾರ್ಟ್ ಆವ್ತಿಲ್ಲೆ’ ಎರಡಕ್ಕೂ ಸಲ್ಲುತ್ತವೆ. ಸ್ಕ್ಯಾನರಿನ ಕೋಡ್ ಜಾಸ್ತಿ ಉಪಯೋಗಕ್ಕೆ ಬರುವುದು ಎರಡನೆಯದಕ್ಕೆ. ಮೊದಲನೆಯದಾದರೆ ಬ್ಯಾಟರಿ, ಅದರ ಟರ್ಮಿನಲ್, ಸ್ಟಾರ್ಟರ್ ರಿಲೇ ನೋಡಿಯೇ ಮುಂದೆ ಹೋಗಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ನೆ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. ವೋಲ್ಟೇಜ್ ಬಿದ್ದರೆ ಇಸಿಎಂ ಸಂಬಂಧವಿಲ್ಲದ ಕೋಡುಗಳನ್ನೂ ಬರೆದಿಡುವುದುಂಟು. ಪಂಪ್ ತಿರುಗಿಯೂ ಪೆಟ್ರೋಲಿನ ಒತ್ತಡ ಕಡಿಮೆಯಿದ್ದರೆ ಯಾವ ಕೋಡೂ ಬರದೇ ಇರಬಹುದು.

ಕೈಪಿಡಿಯಲ್ಲಿ ‘ಸೆಲ್ಫ್ ತಿರುಗುವುದಿಲ್ಲ’, ‘ಎಂಜಿನ್ ಹಿಡಿಯುವುದಿಲ್ಲ’ ಎಂದು ಬೇರೆ ಬೇರೆ ಬರೆಯುತ್ತಿದ್ದೇನೆ. ‘ಹಿಡಿಯುವುದು’ ನಿಮ್ಮ ಕಡೆ ಈ ಅರ್ಥದಲ್ಲಿ ನಡೆಯುತ್ತದಾ? ಇಲ್ಲಿ ಬೀಡಿಯೂ ಹಿಡಿಯುತ್ತದೆ, ಒಲೆಯೂ ಹಿಡಿಯುತ್ತದೆ, ಎಂಜಿನ್ನಿಗೆ ಹೇಳಿದರೆ ತಪ್ಪಿಲ್ಲ. ಆದರೆ ‘ಎಂಜಿನ್ ಹಿಡಿದಿದೆ’ ಎಂದರೆ ಜಾಮ್ ಆಗಿದೆ ಎಂದೂ ಅರ್ಥ ಬರುತ್ತದೆ. ಅದೇ ನನಗೆ ಹೆದರಿಕೆ. ಘಟ್ಟದ ಮೇಲಿನವರು ಎಂತ ಹೇಳುತ್ತೀರಿ?

ಓಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸಿ ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ, ಭಾರತದಲ್ಲಿ ಕಡ್ಡಾಯವಾದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಕೆಲಸ ಮಾಡದು. ಟೆಸ್ಟ್ ಕನೆಕ್ಟರಿನ ಎರಡು ಪಿನ್ ಜೋಡಿಸಿ ಎಂಜಿನ್ ಲೈಟ್ ಎಷ್ಟು ಸಲ ಮಿಣುಕಿತು ಎಂದು ಎಣಿಸಬೇಕು. ಮೂರು ಸಲ ಮಿಣುಕಿ, ತುಸು ನಿಂತು, ನಾಲ್ಕು ಸಲ ಮಿಣುಕಿದರೆ 34. ಇದಕ್ಕೆ ‘ಮಿಣುಕು ಕೋಡ್’ ಎಂದು ಇಟ್ಟಿದ್ದೇನೆ, ಅದರಲ್ಲಿ ತಕರಾರಿಲ್ಲ. ಉಳಿದದ್ದು ‘ಪೆಂಡಿಂಗ್ ಕೋಡ್’: ಒಮ್ಮೆ ಕಂಡ, ಇನ್ನೂ ಖಾತ್ರಿಯಾಗದ ತೊಂದರೆಯ ಕೋಡ್. ‘ಬಾಕಿ’ ಎಂದರೆ ಸಾಲದ ನೆನಪು ಬರುತ್ತದೆ. ‘ಖಾತ್ರಿಯಾಗದ ದೂರು’ ಉದ್ದವಾಯಿತು. ಚಿಕ್ಕ ಪದ ಹೊಳೆದರೆ ತಿಳಿಸಿ.